ಹೊಸ ಮೊಲ ಮೂಲೆ ಹಿಡಿದು ಕೂತಿದೆಯೇ?

ಮನೆಗೆ ತಂದ ಮೊದಲ ಎರಡು-ಮೂರು ದಿನ ಮೊಲ ಮೂಲೆ ಸೇರುವುದು ಸಹಜ. ಹೊರಗೆಳೆದು ಮುದ್ದು ಮಾಡಬೇಡಿ. ನುಸುಳಿ ಕೂರಲು ಒಂದು ರಟ್ಟಿನ ಪೆಟ್ಟಿಗೆ ಇಡಿ, ಸಾಕು. ಕಿವಿ ಹಿಡಿದು ಎತ್ತುವುದಂತೂ ಬೇಡವೇ ಬೇಡ.

ಮೈ ಕುಗ್ಗಿಸಿ, ಕಿವಿ ಬೆನ್ನಿಗೆ ಅಂಟಿಸಿ, ಕಣ್ಣರಳಿಸಿ ಕೂತಿದ್ದರೆ ಹೆದರಿದೆ ಅಂತ. ಹಿಂಗಾಲಿನಿಂದ ನೆಲಕ್ಕೆ ಧಪ್ಪೆಂದು ಬಡಿದರೆ ನಾಯಿಯೋ ಬೆಕ್ಕೋ ಹತ್ತಿರವಿದೆಯಾ ನೋಡಿ. ತಲೆ ಸವರುವಾಗ ಹಲ್ಲು ಮೆಲ್ಲಗೆ ಕಟಕಟ ಅಂದರೆ ಖುಷಿ. ಮುದುಡಿ ಕೂತು ಜೋರಾಗಿ ಹಲ್ಲು ಕಡಿದರೆ ನೋವು. ಧೊಪ್ಪೆಂದು ಮಗ್ಗುಲಿಗೆ ಉರುಳಿದರೆ ಸತ್ತೇಹೋಯ್ತು ಅಂತ ಎಷ್ಟೋ ಜನ ಗಾಬರಿಯಾಗ್ತಾರೆ. ಉಸಿರು ಸಲೀಸಾಗಿದ್ದರೆ ಅದಕ್ಕೆ ಧೈರ್ಯ ಬಂದಿದೆ, ಅಷ್ಟೇ.

ಎಲ್ಲಕ್ಕಿಂತ ಮುಖ್ಯ ಹಿಕ್ಕೆ. ಹೆದರಿದ ಮೊಲ ಮೇವು ಬಿಡುತ್ತೆ; ಮೇವು ಬಿಟ್ಟರೆ ಕರುಳಿನ ಚಲನೆ ನಿಲ್ಲುತ್ತೆ. 12 ಗಂಟೆ ಮೇವು ಮುಟ್ಟದಿದ್ದರೆ ಅಥವಾ ಹಿಕ್ಕೆ ಹಾಕದಿದ್ದರೆ, ಬೆಳಗಾಗಲಿ ಅಂತ ಕಾಯದೆ ಪಶುವೈದ್ಯರಿಗೆ ತೋರಿಸಿ.