ಮರದ ಬುಡದ ಪಾತಿ ಮತ್ತು ನಗರದ ಅಂತರ್ಜಲ

‘ಮರ ನೆಟ್ಟರೆ ನೀರು ಉಳಿಯುತ್ತದೆ’ ಎಂದು ವನಮಹೋತ್ಸವದ ದಿನ ಮಕ್ಕಳಿಂದ ಹೇಳಿಸುತ್ತೇವೆ. ಇದು ಅರ್ಧ ಸತ್ಯ. ಎಳೆಯ ಸಸಿಗೆ ಬೇಸಿಗೆಯಲ್ಲಿ ನಾವೇ ನೀರೆರೆಯಬೇಕು. ಬೆಳೆದ ಮರವೂ ಬಾಷ್ಪವಿಸರ್ಜನೆಯ ಮೂಲಕ ನೀರನ್ನು ಗಾಳಿಗೆ ಬಿಡುತ್ತದೆ. ಮಳೆನೀರನ್ನು ಭೂಮಿಗೆ ಇಳಿಸುವುದು ಬೇರು, ಎರೆಹುಳು, ತರಗೆಲೆಗಳಿಂದ ಸಡಿಲಗೊಂಡ ಬುಡದ ಮಣ್ಣು. ಬುಡದವರೆಗೆ ಕಾಂಕ್ರೀಟ್ ಹಾಕಿದರೆ ಆ ದಾರಿ ಮುಚ್ಚಿಹೋಗುತ್ತದೆ.

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 900 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಆದರೂ 2024ರ ಬೇಸಿಗೆಯಲ್ಲಿ ಅಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದವು. 1 ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. ಅಷ್ಟು ವಿಸ್ತೀರ್ಣದ ಒಂದು ಪಾತಿಗೆ ವರ್ಷಕ್ಕೆ 900 ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಅದು ಇಂಗುತ್ತದೆಯೋ, ಚರಂಡಿಗೆ ಹರಿಯುತ್ತದೆಯೋ ಎಂಬುದೇ ಪಾಠದ ಪ್ರಶ್ನೆ.

ಎಂಟನೇ ತರಗತಿಗೆ ಒಂದು ಚಟುವಟಿಕೆ: ಎರಡೂ ಬದಿ ತೆರೆದ ಡಬ್ಬಿಯನ್ನು ಮರದ ಬುಡದಲ್ಲಿ, ನಂತರ ತುಳಿದು ಗಟ್ಟಿಯಾದ ಮೈದಾನದಲ್ಲಿ ಮಣ್ಣಿಗೆ ಒತ್ತಿ, ಅರ್ಧ ಲೀಟರ್ ನೀರು ಸುರಿದು, ಇಂಗಲು ಹಿಡಿಯುವ ಸಮಯವನ್ನು ಮಕ್ಕಳು ಅಳೆಯಲಿ. ಮುಂದಿನ ಹಂತದಲ್ಲಿ, ಬುಡ ಮುಚ್ಚಿದ ಬೀದಿಮರಗಳ ಪಟ್ಟಿ ಮಾಡಿ ವಾರ್ಡ್ ಕಚೇರಿಗೆ ಕೊಡಬಹುದು; ಹೊಸ ಸಸಿಗಳಿಗೆ ತರಕಾರಿ ತೊಳೆದ ನೀರು ಹಾಕುವ ಸರದಿಯನ್ನು ಬೀದಿಯವರೊಂದಿಗೆ ಹಂಚಿಕೊಳ್ಳಬಹುದು. ಮೌಲ್ಯಮಾಪನದಲ್ಲಿ ನೆಟ್ಟ ಸಸಿಗಳನ್ನಲ್ಲ, ಮುಂದಿನ ಬೇಸಿಗೆ ದಾಟಿ ಬದುಕಿದವುಗಳನ್ನು ಎಣಿಸೋಣ.