ದೂರದ ಓಟದಲ್ಲಿ ಶಕ್ತಿಯ ಮಿತವ್ಯಯ

ಓಟದ ಅಂದವನ್ನು ಕಂಡು ಓಟಗಾರನ ಸಾಮರ್ಥ್ಯವನ್ನು ಅಳೆಯುವುದು ನಮ್ಮಲ್ಲಿ ಅನೇಕರ ರೂಢಿ. ಈ ಎಣಿಕೆ ಸಲ್ಲದೆಂಬುದಕ್ಕೆ ೧೯೫೨ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡಾಕೂಟವೇ ಸಾಕ್ಷಿ. ಚೆಕೊಸ್ಲೊವಾಕಿಯದ ಎಮಿಲ್ ಝಾಟೊಪೆಕ್ ಓಡುವಾಗ ಅವರ ತಲೆ ಅತ್ತಿತ್ತ ಹೊರಳುತ್ತಿತ್ತು. ಮುಖವು ಪ್ರಾಣಸಂಕಟಪಡುವವನ ಮುಖದಂತೆ ಕಾಣುತ್ತಿತ್ತು. ಆದರೂ ಅವರು ೫,೦೦೦ ಮೀಟರ್, ೧೦,೦೦೦ ಮೀಟರ್ ಹಾಗೂ ಅದುವರೆಗೆ ತಾವು ಎಂದೂ ಓಡದಿದ್ದ ಮ್ಯಾರಥಾನ್, ಈ ಮೂರರಲ್ಲಿಯೂ ಚಿನ್ನದ ಪದಕ ಗಳಿಸಿದರು.

ಹಾಗಾದರೆ ಓಟದ ಕ್ರಮಕ್ಕೆ ಬೆಲೆಯೇ ಇಲ್ಲವೆ? ನಿಶ್ಚಯವಾಗಿಯೂ ಉಂಟು. ಒಂದು ನಿಯತ ವೇಗದಲ್ಲಿ ಓಡಲು ದೇಹವು ಎಷ್ಟು ಆಮ್ಲಜನಕವನ್ನು ಬಳಸುವುದೆಂಬುದನ್ನು ಅಳೆದು ವಿಜ್ಞಾನಿಗಳು ಓಟದ ಮಿತವ್ಯಯವನ್ನು ಗೊತ್ತುಮಾಡುತ್ತಾರೆ. ಪಾದವು ದೇಹಭಾರಕ್ಕಿಂತ ಬಹಳ ಮುಂದಕ್ಕೆ ಚಾಚಿ ನೆಲ ಮುಟ್ಟಿದರೆ ಪ್ರತಿ ಹೆಜ್ಜೆಯೂ ವೇಗಕ್ಕೆ ತಡೆಯಾಗುತ್ತದೆ. ಕಳೆದ ವೇಗವನ್ನು ಮರಳಿ ಪಡೆಯಲು ಸ್ನಾಯುಗಳು ಮತ್ತೆ ದುಡಿಯಬೇಕು. ಅತಿಯಾಗಿ ಮೇಲಕ್ಕೆ ಪುಟಿಯುವವನು ಮುಂದೆ ಸಾಗಲು ಬೇಕಾದ ಶಕ್ತಿಯನ್ನು ಮೈಭಾರ ಎತ್ತುವುದರಲ್ಲಿಯೇ ವೆಚ್ಚಮಾಡುತ್ತಾನೆ. ಇತ್ತ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವು ಪಾದ ಊರಿದಾಗ ಹಿಗ್ಗಿ, ನೆಲ ಬಿಡುವಾಗ ಕುಗ್ಗಿ, ಎಳೆದುಬಿಟ್ಟ ಬಿಲ್ಲಿನಂತೆ ಶಕ್ತಿಯ ಒಂದಂಶವನ್ನು ಹಿಂದಿರುಗಿಸುತ್ತದೆ. ಈ ಕಾರ್ಯಗಳಾವುವೂ ತಲೆಯ ತೂಗಾಟದಿಂದಾಗಲಿ ಮುಖಚರ್ಯೆಯಿಂದಾಗಲಿ ತಿಳಿಯುವಂಥವಲ್ಲ.

ಕವಾನಾ ಮತ್ತು ವಿಲಿಯಮ್ಸ್ ಎಂಬ ಅಮೆರಿಕದ ಸಂಶೋಧಕರು ೧೯೮೨ರಲ್ಲಿ ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಅನುಭವಿ ಓಟಗಾರರು ತಾವಾಗಿ ಆರಿಸಿಕೊಂಡ ಹೆಜ್ಜೆಯ ಅಳತೆಯು ಅವರವರ ದೇಹಕ್ಕೆ ಅತ್ಯಂತ ಮಿತವ್ಯಯದ ಅಳತೆಗೆ ಬಹು ಸಮೀಪವಾಗಿತ್ತು. ಅದನ್ನು ಬಲವಂತದಿಂದ ಹಿಗ್ಗಿಸಿದರೂ ಕುಗ್ಗಿಸಿದರೂ ಆಮ್ಲಜನಕದ ವೆಚ್ಚ ಏರಿತು. ಹೊಸದಾಗಿ ಓಡತೊಡಗಿದವರನ್ನು ಕುರಿತು ಇಂಗ್ಲೆಂಡಿನಲ್ಲಿ ನಡೆದು ೨೦೧೨ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ವಾರಗಳ ಓಟದಿಂದಲೇ ಅವರ ಮಿತವ್ಯಯವು ಹೆಚ್ಚಿದುದು ಕಂಡುಬಂದಿತು.

ಛಂದಸ್ಸನ್ನು ಕಲಿಸುವವನು ಗಣ ತಪ್ಪಿದಲ್ಲಿ ತಿದ್ದಬೇಕು. ಕಂಠ ಗಡುಸೆಂದು ವಾಚನವನ್ನೇ ನಿಲ್ಲಿಸಬಾರದು. ಓಟದಲ್ಲಿಯೂ ಹಾಗೆಯೇ. ಶಾಲೆಯ ಕ್ರೀಡೋತ್ಸವದಲ್ಲಿ ಕೈಕಾಲು ಬೀಸಿ ಓಡುವ ಬಾಲಕನನ್ನು ಕಂಡು ನಕ್ಕವರಲ್ಲಿ ಈ ಲೇಖಕನೂ ಒಬ್ಬನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಮ್ಮ ಆ ನಗೆಗೆ ಅಂಜಿ ಎಷ್ಟು ಮಕ್ಕಳು ಮೈದಾನವನ್ನೇ ತೊರೆದರೋ! ಝಾಟೊಪೆಕ್ಕರು ೪೦೦ ಮೀಟರ್ ಓಟವನ್ನು ಒಂದೇ ದಿನ ಹತ್ತಾರು ಬಾರಿ ಓಡಿ ಪಳಗಿದವರು. ಅಂತಹ ಅಭ್ಯಾಸಕ್ಕೆ ಬೇಕಾದುದು ಮೈದಾನ ಮತ್ತು ಕಾಲಾವಕಾಶ. ಮೈದಾನವನ್ನು ಶ್ರೀಮಠವೂ ಉದಾರ ದಾನಿಗಳೂ ಅನುಗ್ರಹಿಸಿದ್ದಾರೆ. ಕಾಲಾವಕಾಶವನ್ನು ಕೊಡಬೇಕಾದವರು ಉಪಾಧ್ಯಾಯರಾದ ನಾವು.