ಮನೆಯ ಕಂಪ್ಯೂಟರೂ ಮನೆಯ ಗುಟ್ಟೂ



ಮನೆಗೆ ಬಾಗಿಲೂ ಪೆಟ್ಟಿಗೆಗೆ ಬೀಗವೂ ಇರಬೇಕೆಂಬುದನ್ನು ನಮಗೆ ಯಾರೂ ಬೋಧಿಸಬೇಕಾಗಿಲ್ಲ. ಆದರೆ ಈಗ ಅನೇಕ ಕುಟುಂಬಗಳ ಪತ್ರಗಳೂ ಭಾವಚಿತ್ರಗಳೂ ಲೆಕ್ಕಪತ್ರಗಳೂ ಮಕ್ಕಳ ಅಂಕಪಟ್ಟಿಗಳೂ ಕಂಪ್ಯೂಟರೆಂಬ ಯಂತ್ರದೊಳಗೆ ಸೇರಿಕೊಂಡಿವೆ. ಅದಕ್ಕೂ ಬಾಗಿಲುಗಳುಂಟು, ಅವುಗಳಲ್ಲಿ ಕೆಲವು ಯಂತ್ರವು ಮನೆಗೆ ಬಂದ ದಿನದಿಂದಲೇ ತೆರೆದಿರುತ್ತವೆ. ಅವು ಎಲ್ಲಿವೆ, ಮುಚ್ಚುವ ಬಗೆ ಹೇಗೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಬಹುಜನರ ಬಳಕೆಯಲ್ಲಿರುವ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ 11ನ್ನು ಇಲ್ಲಿ ದೃಷ್ಟಾಂತವಾಗಿ ತೆಗೆದುಕೊಂಡಿದೆ.

ಇದು ಕೇವಲ ಅನುಕೂಲದ ಮಾತಲ್ಲ, ಹಕ್ಕಿನ ಮಾತು. 2017ನೆಯ ಆಗಸ್ಟ್ 24ರಂದು ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು, ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆಯ ಮೊದಲನೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಹೆಮ್ಮೆಯ ಸಂಗತಿಯೇ ಸರಿ. ತರುವಾಯ 2023ರಲ್ಲಿ ಆದ ಕಾಯಿದೆಯು 18 ವರ್ಷ ತುಂಬದವರ ವಿವರಗಳನ್ನು ಬಳಸುವುದಕ್ಕೆ ಹೆತ್ತವರ ಒಪ್ಪಿಗೆ ಬೇಕೆಂದು ವಿಧಿಸುತ್ತದೆ. ಆದರೆ ಓದದೆಯೇ ನಾವು ಒತ್ತಿಬಿಟ್ಟ ಒಪ್ಪಿಗೆಯ ಗುಂಡಿಯಿಂದ ಹೊರಟುಹೋದದ್ದನ್ನು ಯಾವ ಕಾಯಿದೆಯೂ ತಾನಾಗಿಯೇ ಮರಳಿ ತಂದುಕೊಡಲಾರದು.

ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನೂ ‘ಐ’ ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ‘ಸೆಟ್ಟಿಂಗ್ಸ್’ ತೆರೆಯುವುದು. ಅದರಲ್ಲಿ ‘ಪ್ರೈವೆಸಿ ಅಂಡ್ ಸೆಕ್ಯೂರಿಟಿ’ ಎಂಬ ಭಾಗವೇ ನಮಗೆ ಬೇಕಾದದ್ದು. ಅಲ್ಲಿ ಮೊದಲು ‘ಡಯಾಗ್ನಾಸ್ಟಿಕ್ಸ್ ಅಂಡ್ ಫೀಡ್‌ಬ್ಯಾಕ್’ ಎಂಬುದನ್ನು ನೋಡತಕ್ಕದ್ದು. ಯಂತ್ರವು ತನ್ನ ಸ್ಥಿತಿಗತಿಯ ವರದಿಯನ್ನು ಕಂಪನಿಗೆ ಕಳುಹಿಸುತ್ತಿರುತ್ತದೆ. ಈ ವರದಿಯು ಎರಡು ವಿಧ: ಒಂದು ಅವಶ್ಯವಾದದ್ದು, ಮನೆಬಳಕೆಯ ಯಂತ್ರಗಳಲ್ಲಿ ಅದನ್ನು ನಿಲ್ಲಿಸುವ ಗುಂಡಿಯಿಲ್ಲ, ಇನ್ನೊಂದು ಐಚ್ಛಿಕವಾದದ್ದು, ಅದನ್ನು ನಿಲ್ಲಿಸಬಹುದು. ಯಾಕೆ ನಿಲ್ಲಿಸಬೇಕೆಂದರೆ, ಕಂಪನಿಯ ಎಡ್ಜ್ ಬ್ರೌಸರಿನಲ್ಲಿ ನಾವು ನೋಡಿದ ಜಾಲತಾಣಗಳ ವಿವರವು ಐಚ್ಛಿಕ ವರದಿಯಲ್ಲಿ ಸೇರಬಹುದು. ಇದಲ್ಲದೆ, ಯಂತ್ರವು ತಟಕ್ಕನೆ ಕೆಟ್ಟು ನಿಂತಾಗ ನಾವು ಬರೆಯುತ್ತಿದ್ದ ಕಾಗದದ ತುಣುಕೂ ಅಕಸ್ಮಾತ್ತಾಗಿ ಅದರೊಡನೆ ಹೋಗಬಹುದೆಂದು ಕಂಪನಿಯವರೇ ತಿಳಿಸಿದ್ದಾರೆ. ಯಂತ್ರದಿಂದ ಆವರೆಗೆ ಹೋದ ವರದಿಯನ್ನು ಅಳಿಸಹೇಳುವ ಗುಂಡಿಯೂ ಅದೇ ಪುಟದಲ್ಲಿದೆ.

ಜಾಹೀರಾತಿನ ಗುರುತು ಇನ್ನೊಂದು. ಇದು ‘ಜನರಲ್’ ಎಂಬಲ್ಲಿಯೋ, ಹೊಸ ಆವೃತ್ತಿಗಳಲ್ಲಿ ‘ರೆಕಮೆಂಡೇಶನ್ಸ್ ಅಂಡ್ ಆಫರ್ಸ್’ ಎಂಬಲ್ಲಿಯೋ ಸಿಕ್ಕುವುದು. ಇದನ್ನು ಆರಿಸಿದ ಮಾತ್ರಕ್ಕೆ ಜಾಹೀರಾತುಗಳು ಕಡಿಮೆಯಾಗುವುದಿಲ್ಲ. ನಮ್ಮ ಅಭಿರುಚಿಯನ್ನು ನೋಡಿ ಆಯ್ದು ತೋರಿಸುವುದು ಕಡಿಮೆಯಾಗುವುದು, ಅಷ್ಟೆ.

ಕ್ಯಾಮೆರಾ ಮತ್ತು ಮೈಕ್ರೋಫೋನುಗಳ ವಿಷಯದಲ್ಲಿ ಒಂದು ಸೂಕ್ಷ್ಮವುಂಟು. ಮೈಕ್ರೋಸಾಫ್ಟ್ ಸ್ಟೋರಿನಿಂದ ತಂದ ತಂತ್ರಾಂಶಗಳಿಗೆ ಒಂದೊಂದಕ್ಕೂ ಬೇರೆಬೇರೆಯಾಗಿ ಅನುಮತಿ ಕೊಡಬಹುದು, ಹಿಂತೆಗೆಯಬಹುದು. ಬೇರೆ ಕಡೆಯಿಂದ ಇಳಿಸಿಕೊಂಡವುಗಳಲ್ಲಿ ಬಹಳಷ್ಟಕ್ಕೆ ಒಟ್ಟಾಗಿ ಒಂದೇ ಗುಂಡಿ. ಆದಕಾರಣ ಕ್ಯಾಮೆರಾದ ಕಣ್ಣಿಗೆ ಸಣ್ಣ ಕಾಗದವನ್ನು ಅಂಟಿಸಿಡುವ ತಾಯಂದಿರನ್ನು ನೋಡಿ ನಗುವುದು ಸಲ್ಲದು. ಆ ಉಪಾಯವು ಎಲ್ಲಾ ಗುಂಡಿಗಳಿಗಿಂತ ನೆಚ್ಚಿಗೆಯುಳ್ಳದ್ದು.

ಇನ್ನು ಭಾವಚಿತ್ರಗಳು. ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದ ಯಂತ್ರದಲ್ಲಿ ‘ಒನ್‌ಡ್ರೈವ್’ ಎಂಬ ವ್ಯವಸ್ಥೆಯು ಚಿತ್ರಗಳನ್ನೂ ಕಾಗದಪತ್ರಗಳನ್ನೂ ಕಂಪನಿಯ ಉಗ್ರಾಣಕ್ಕೆ ನಕಲು ಮಾಡುತ್ತಿರಬಹುದು. ಯಂತ್ರವು ಹಾಳಾದರೂ ಚಿತ್ರಗಳು ಉಳಿಯುವುದರಿಂದ ಇದನ್ನು ನಾನು ಕೆಡುಕೆನ್ನಲಾರೆ. ಆದರೆ ಮನೆಯವರು ತಿಳಿದು ಒಪ್ಪಿರಬೇಕು. ಹೀಗೆ ನಕಲಾಗುತ್ತಿರುವ ಚಿತ್ರವನ್ನು ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿದುಹೋಗುವುದೆಂಬುದನ್ನು ಮರೆಯಕೂಡದು. ಫೋನಿನಲ್ಲಿ ತೆಗೆದ ಚಿತ್ರದೊಳಗೆ ಅದನ್ನು ತೆಗೆದ ಸ್ಥಳದ ಗುರುತು ಅಡಗಿರಬಹುದು. ಮಕ್ಕಳ ಚಿತ್ರವನ್ನು ಪರರಿಗೆ ಕಳುಹಿಸುವ ಮೊದಲು ಅದರ ‘ಪ್ರಾಪರ್ಟೀಸ್’ ತೆರೆದು, ‘ಡೀಟೇಲ್ಸ್’ ಪುಟದ ಕೆಳತುದಿಯಲ್ಲಿರುವ ಸಾಲನ್ನು ಒತ್ತಿ, ಆ ವಿವರಗಳನ್ನು ತೆಗೆದುಬಿಡಬಹುದು.

ಇಷ್ಟೆಲ್ಲ ಹೇಳಿದರೂ, ನನ್ನ ಅಭಿಪ್ರಾಯದಲ್ಲಿ ಮನೆಗಳಲ್ಲಿ ಆಗುವ ತೊಂದರೆಗಳಲ್ಲಿ ಹೆಚ್ಚಿನವು ದೂರದ ಕಂಪನಿಯಿಂದಲ್ಲ, ಎಲ್ಲರೂ ಒಂದೇ ಖಾತೆಯನ್ನು ಬಳಸುವುದರಿಂದ ಹುಟ್ಟುತ್ತವೆ. ತಂದೆಯ ಬ್ಯಾಂಕಿನ ಗುಪ್ತಪದವೂ ಅಣ್ಣನು ಹುಡುಕಿದುದರ ನೆರಳೂ ತಂಗಿಯ ಪಾಠದ ಹೊತ್ತಿನಲ್ಲಿ ಪರದೆಯ ಮೇಲೆ ಕಾಣಿಸಿಕೊಳ್ಳುತ್ತವೆ. ಒಬ್ಬೊಬ್ಬರಿಗೂ ಬೇರೆ ಖಾತೆಯನ್ನು ಮಾಡಿಕೊಡುವುದು ಕೆಲವೇ ನಿಮಿಷಗಳ ಕೆಲಸ. ಹಿರಿಯರೊಬ್ಬರದು ಮಾತ್ರ ‘ಅಡ್ಮಿನಿಸ್ಟ್ರೇಟರ್’ ಖಾತೆಯಾಗಿದ್ದು ಉಳಿದವು ಸಾಧಾರಣ ಖಾತೆಗಳಾಗಿದ್ದರೆ, ಒಬ್ಬರ ಕಾಗದಪತ್ರಗಳು ಮತ್ತೊಬ್ಬರ ಕೈಗೆ ಸಿಕ್ಕುವುದಿಲ್ಲ. ಅಧಿಕಾರದ ಖಾತೆಯುಳ್ಳವರಾದರೋ ಎಲ್ಲರದನ್ನೂ ತೆರೆಯಬಲ್ಲರು. ಹದಿನಾರು ವರ್ಷದ ಮಗಳಿಗೆ ಈ ಮಾತನ್ನು ಮುಂದಾಗಿಯೇ ತಿಳಿಸಿಡುವುದು ನ್ಯಾಯ; ಗೊತ್ತಿಲ್ಲದಂತೆ ಅವಳ ದಿನಚರಿಯನ್ನು ಓದುವ ತಾಯಿಯನ್ನು ಅವಳು ಮುಂದೆ ನಂಬುವುದು ಕಷ್ಟ.

ಹಳೆಯ ಕಂಪ್ಯೂಟರನ್ನು ಮಾರುವಾಗ ಅಥವಾ ದಾನ ಕೊಡುವಾಗ ಕಡತಗಳನ್ನು ಕಸದ ಬುಟ್ಟಿಗೆ ಹಾಕಿದರೆ ಸಾಲದು, ಅವನ್ನು ಮರಳಿ ಪಡೆಯುವ ಉಪಾಯಗಳಿವೆ. ಬೇಕಾದ ಚಿತ್ರಗಳನ್ನೆಲ್ಲ ಬೇರೆಡೆಗೆ ನಕಲು ಮಾಡಿಕೊಂಡ ಮೇಲೆ, ‘ಸಿಸ್ಟಮ್’ ಭಾಗದ ‘ರಿಕವರಿ’ಯಲ್ಲಿ ‘ರೀಸೆಟ್’ ಎಂಬುದನ್ನು ಆರಿಸಿ, ಎಲ್ಲವನ್ನೂ ತೆಗೆದುಹಾಕುವಂತೆ ಹೇಳಿ, ‘ಕ್ಲೀನ್ ಡೇಟಾ’ ಎಂಬುದಕ್ಕೂ ಒಪ್ಪಿಗೆ ಕೊಡತಕ್ಕದ್ದು. ಇದಕ್ಕೆ ಕೆಲವು ಗಂಟೆಗಳು ಹಿಡಿಯಬಹುದು. ಆದುದರಿಂದ ವಿದ್ಯುತ್ತಿನ ತಂತಿಯನ್ನು ಸಿಕ್ಕಿಸಿಟ್ಟು ರಾತ್ರಿ ಪ್ರಾರಂಭಿಸುವುದು ಲೇಸು.